ಶಫಾದ ಹಿಮನದಿ ಮತ್ತು ಹನ್ನೊಂದು ತಲೆ

ಸೌದಿ ಅರೇಬಿಯಾದ ಏಕೈಕ ಹಿಮನದಿಯನ್ನು ಕಂಡುಹಿಡಿದವನು ಪಾಣೆಮಂಗಳೂರಿನ ಮೂಸಬ್ಬ. ಅದು ಹನ್ನೆರಡು ಕಿಲೋಮೀಟರ್ ಉದ್ದವಿತ್ತು. ಆಳ ನೋಡಲು ಇಳಿಬಿಟ್ಟ ಹಗ್ಗ ವಾಪಸು ಬರಲಿಲ್ಲ. ಮೂಸಬ್ಬ ಅದನ್ನು ಹವಾಯಿ ಚಪ್ಪಲಿಯಲ್ಲಿ ದಾಟಿ, ಆಚೆ ದಡದಲ್ಲಿ ಕೂತು ಒಂದು ಗ್ಲಾಸು ಹಾಲಿಲ್ಲದ ಸುಲೈಮಾನಿ ಚಹಾ ಕುಡಿದು, ಮಧ್ಯಾಹ್ನದ ಲುಹರ್ ನಮಾಜಿಗೆ ಸರಿಯಾಗಿ ಈಚೆ ದಡಕ್ಕೆ ಬಂದು ಸಾಲಿನಲ್ಲಿ ನಿಂತಿದ್ದ.

"ಚಪ್ಪಲಿ ಒದ್ದೆ ಆಯ್ತಾ?" ಎಂದು ಕೇಳಿದ ಸಲ್ವಾದೋರ್, ಕೈಯಲ್ಲಿದ್ದ ಕಾಗದದಿಂದ ಕಣ್ಣೆತ್ತದೆ.

"ಒಂದು ಹನಿ ಇಲ್ಲ. ನನ್ನ ಸ್ಪೀಡಿಗೆ ಐಸಿಗೆ ಕರಗ್ಲಿಕ್ಕೆ ಪುರುಸೊತ್ತು ಎಲ್ಲಿ ಪೊರ್ಬುಗಳೇ?" ಊರ ಕಡೆ ಕ್ರೈಸ್ತರನ್ನು ಮರ್ಯಾದೆಗೆ ಕರೆಯುವುದು ಹಾಗೆ.

"ಅದನ್ನೆಲ್ಲ ಇದರಲ್ಲಿ ಬರೀಲಿಕ್ಕಿಲ್ಲ. ಎಷ್ಟು ಜನ ಇದ್ರು, ಅದು ಮಾತ್ರ."

"ಹನ್ನೊಂದು. ನನ್ನನ್ನು ಬಿಟ್ಟು."

ಸಲ್ವಾದೋರ್ ಕಾಗದದ ಮೇಲಿನ ಆ ಅಂಕಿಯನ್ನು ಬೆರಳಿನಿಂದ ಮುಟ್ಟಿ ನೋಡಿದ, ಇಸ್ತ್ರಿ ಬಿಸಿಯಾಗಿದೆಯೇ ಎಂದು ನೋಡುವವರ ಹಾಗೆ.

ಮಂಗಳವಾರ, ಮಧ್ಯಾಹ್ನ ಎರಡೂವರೆ. ತಾಯಿಫಿನ ಹಳೆಯ ಪೇಟೆಯ ಹಿಂದಿನ ಗಲ್ಲಿಯಲ್ಲಿ ಮೂಸಬ್ಬನ ಬೂಫಿಯಾ. ಅಂದರೆ ಚಹಾ ಮತ್ತು ಸ್ಯಾಂಡ್‌ವಿಚ್ ಕೊಡುವ ಒಂದು ಕಿಟಕಿ, ಒಳಗೆ ನಾಲ್ಕು ಮೇಜು. ಆ ನಾಲ್ಕು ಮೇಜುಗಳನ್ನು ಅವನು ಊರಿಗೆ ಫೋನ್ ಮಾಡುವಾಗ ನಲವತ್ತು ಎನ್ನುತ್ತಿದ್ದ. ಅಸರ್ ಬಾಂಗಿಗೆ, ಎಂದರೆ ಇಳಿಹೊತ್ತಿನ ನಮಾಜಿನ ಕರೆಗೆ, ಇನ್ನೂ ಮುಕ್ಕಾಲು ಗಂಟೆ ಇತ್ತು. ಅಸರ್ ಮುಗಿದ ಮೇಲೆ ಸಲ್ವಾದೋರ್ ಆ ಕಾಗದ ಹಿಡಿದುಕೊಂಡು ಶುರ್ತಾಕ್ಕೆ, ಎಂದರೆ ಪೊಲೀಸ್ ಠಾಣೆಗೆ ಹೋಗುವವನಿದ್ದ. ಕೆಳಗೆ ಸಾಕ್ಷಿಯ ಸಹಿಗೆ ಜಾಗ ಖಾಲಿಯಿತ್ತು.

ಕಳೆದ ಶನಿವಾರ, ಊರ ಕಡೆಯವರೆಲ್ಲ ಬೆಟ್ಟಕ್ಕೆ ಹೋಗಿದ್ದಾಗ, ನರ್ಸ್ ಜೆಮ್ಮಾಳ ಬಾಗಿಲು ಹಾಕಿದ್ದ ಫ್ಲ್ಯಾಟಿನಿಂದ ಅವಳ ಅಸಲು ಸರ್ಟಿಫಿಕೇಟುಗಳ ನೀಲಿ ಫೈಲು ಮಾಯವಾಗಿತ್ತು. ಅಂದು ಕಟ್ಟಡದಲ್ಲಿ ಉಳಿದದ್ದು ಕೆಳಗಿನ ಕೋಣೆಯ ಏಸಿ ಮೆಕ್ಯಾನಿಕ್ ಶಿಹಾಬ್ ಒಬ್ಬನೇ.

ಹಿಮನದಿಯ ಪೂರ್ವಾಶ್ರಮದ ಹೆಸರು ಆಲಿಕಲ್ಲು. ಅದರ ಹಿಂದಿನ ಬುಧವಾರ ಶಫಾ ಬೆಟ್ಟದ ಮೇಲೆ ಒಂದು ಗಂಟೆ ಆಲಿಕಲ್ಲು ಸುರಿದಿತ್ತು. ಹಿಂದೆಯೇ ಬಂದ ನೀರು ಅದನ್ನೆಲ್ಲ ಗುಡಿಸಿ ಒಂದು ಇಕ್ಕಟ್ಟಾದ ಕಣಿವೆಗೆ ತುಂಬಿತ್ತು. ನವೆಂಬರಿನ ಚಳಿಗೆ ಅದು ಮೂರು ದಿನ ಕರಗದೆ ಉಳಿಯಿತು. ಯಾರೋ ವಾಟ್ಸಾಪಿನಲ್ಲಿ ವಿಡಿಯೋ ಹಾಕಿದರು. ಸಲ್ವಾದೋರ್ ಪಿಕ್ನಿಕ್ ಗುಂಪಿನ ಕಾರ್ಯದರ್ಶಿ. ಶನಿವಾರ ಬೆಳಿಗ್ಗೆ ಮೂರು ಕಾರು ಮತ್ತು ಮೂಸಬ್ಬನ ಪಿಕಪ್ ಹೊರಟವು. ಜೆಮ್ಮಾಳ ಸಣ್ಣ ಬಿಳಿ ಕಾರನ್ನು ಓಡಿಸಿದ್ದು ಸಲ್ವಾದೋರ್, ಅವಳ ಕೀಗೊಂಚಲು ಅವನ ಕಿಸೆಯಲ್ಲಿ. ಎಂಟು ಗಂಟೆಗೆ ಬುಡದಿಂದ ಹತ್ತಲು ಶುರು. ಜುನಿಪರ್ ಮರಗಳ ನಡುವೆ ಮೇಲೆ ಮೇಲೆ ಹೋಗುವ ಕಾಲುದಾರಿ. ಬಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹಳೆಯ ಗದ್ದೆಗಳು. ಎಡಕ್ಕೆ ನೋಡಿದರೆ ನೆಲವೇ ಮುಗಿದುಹೋಗಿ, ಕೆಳಗೆ ತಿಹಾಮಾ ಬಯಲಿನ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಹಾಸಿಕೊಂಡಿರುತ್ತದೆ.

ದಾರಿ ತಿರುವು ತಿರುವು. ಮುಂದೆ ಹೋದವರಿಗೆ ಹಿಂದಿನವರು ಕಾಣುವುದಿಲ್ಲ. ಇಬ್ಬರು, ಮೂವರು ಎಂದು ಗುಂಪು ಗುಂಪಾಗಿ ಹತ್ತಿದರು, ಗುಂಪು ಗುಂಪಾಗಿ ಇಳಿದರು. ತೆಗೆದ ಇನ್ನೂರು ಫೋಟೋಗಳಲ್ಲಿ ಒಂದರಲ್ಲೂ ಐದಕ್ಕಿಂತ ಹೆಚ್ಚು ಮುಖವಿಲ್ಲ. ಎಲ್ಲರೂ ಇಳಿದು ಬರುವಾಗ ಮೂಸಬ್ಬ ಎಲ್ಲರಿಗಿಂತ ಮೊದಲೇ ಪಿಕಪ್ಪಿಗೆ ಒರಗಿ ನಿಂತಿದ್ದ. ಇಳಿಯುವುದರಲ್ಲಿ ತನಗೆ ಇಡೀ ಅರೇಬಿಯಾದಲ್ಲಿ ಜೋಡಿಯಿಲ್ಲ ಎಂದಿದ್ದ.

ಆದ್ದರಿಂದ ಅಂದು ಯಾರು ಯಾರು ಮೇಲಿದ್ದರು ಎನ್ನುವುದಕ್ಕೆ ಮೂಸಬ್ಬನ ಲೆಕ್ಕವೇ ಗತಿ.

ಇಂಥವನ ಮಾತನ್ನು ಯಾರು ನಂಬಿಯಾರು ಎಂದು ಹೊಸಬರು ಕೇಳಬಹುದು. ಹಳಬರಿಗೆ ಗೊತ್ತು. ಮೂಸಬ್ಬನ ಬಾಯಲ್ಲಿ ಕಿಲೋಮೀಟರ್ ಉಬ್ಬುತ್ತದೆ, ವರ್ಷ ಉಬ್ಬುತ್ತದೆ, ಹಿಡಿದ ಮೀನು ಉಬ್ಬುತ್ತದೆ. ತಲೆ ಮಾತ್ರ ಉಬ್ಬುವುದಿಲ್ಲ. ಮೂವತ್ತು ವರ್ಷದಿಂದ ಅವನು ಬೂಫಿಯಾದಲ್ಲಿ ಒಂದು ಚೀಟಿ ಬರೆದವನಲ್ಲ. ಬಾಗಿಲಿನಿಂದ ಒಳಗೆ ಒಮ್ಮೆ ಕಣ್ಣಾಡಿಸಿದರೆ ಹದಿನೇಳು ಜನ, ಒಂಬತ್ತು ಹಾಲಿನ ಚಹಾ, ಆರು ಸುಲೈಮಾನಿ, ಇಬ್ಬರು ಸುಮ್ಮನೆ ಕೂತವರು. ಒಂದು ಗ್ಲಾಸು ಹೆಚ್ಚಾದದ್ದಿಲ್ಲ, ಕಡಿಮೆಯಾದದ್ದಿಲ್ಲ. ಪತ್ತೇದಾರಿಕೆ ಅಲ್ಲಿಂದಲೇ ಹುಟ್ಟಿದ್ದು. ಕಳೆದುಹೋದ ಒಂದು ಇಕಾಮಾವನ್ನು, ಎಂದರೆ ವಾಸದ ಪರವಾನಗಿ ಕಾರ್ಡನ್ನು, ಖುಬೂಸ್ ರೊಟ್ಟಿಯ ಚೀಲದಿಂದ, ಒಂದು ಮೊಬೈಲನ್ನು ಐಸ್‌ಕ್ರೀಮ್ ಫ್ರೀಜರಿನಿಂದ ಅವನು ತೆಗೆದುಕೊಟ್ಟದ್ದು ಹೀಗೆ ಎಣಿಸಿಯೇ. ಆ ಎರಡು ಪತ್ತೆಗಳು ಅವನ ಲೆಕ್ಕದಲ್ಲಿ ಇಪ್ಪತ್ತೆರಡು.

ಬಾಗಿಲು ತಳ್ಳಿಕೊಂಡು ಜೆಮ್ಮಾ ಬಂದಳು. ಡ್ಯೂಟಿಯ ಬಟ್ಟೆಯಲ್ಲೇ ಇದ್ದಳು. ಸಲ್ವಾದೋರನ ತಂಗಿ ಅವಳು, ಶಿರ್ವದವರು. ಆದರೆ ತಾಯಿಫಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಸಿಸ್ಟರ್ ಎಂದು.

"ಬರೆದಾಯ್ತಾ?" ಎಂದು ಅಣ್ಣನನ್ನು ಕೇಳಿದಳು.

"ಸಹಿ ಒಂದು ಬಾಕಿ."

ಅವಳು ಕುರ್ಚಿ ಎಳೆದುಕೊಂಡಳು. "ಗುರುವಾರ ಹೊಸ ಆಸ್ಪತ್ರೆಯಲ್ಲಿ ಅಸಲು ತೋರಿಸದಿದ್ರೆ ಆ ಕೆಲಸ ಇನ್ನೊಬ್ಬಳಿಗೆ. ಇಲ್ಲಿಯದ್ದಕ್ಕೆ ಆಗ್ಲೇ ರಾಜೀನಾಮೆ ಕೊಟ್ಟಾಗಿದೆ. ಮತ್ತೆ ದೇಶ ಬಿಡುವ ಖುರೂಜ್ ಮುದ್ರೆ ಹೊಡೆಸಿಕೊಂಡು ಊರಿಗೆ ಹೋಗುದೇ."

"ಅಲ್ ಖರ್ಜ್‌ಗೆ ಹೋಗ್ಲೇಬೇಕು ಅಂತ ಹಠ ಮಾಡಿದ್ದು ಯಾರು? ಒಂಬೈನೂರು ಕಿಲೋಮೀಟರ್ ಆಚೆ," ಎಂದ ಸಲ್ವಾದೋರ್.

"ಅದು ಈಗ ಬೇಡ, ಅಣ್ಣ."

ಮೂಸಬ್ಬ ಇಬ್ಬರಿಗೂ ಚಹಾ ಇಟ್ಟ. ಇಟ್ಟು, ಪತ್ತೇದಾರನ ಗತ್ತಿನಲ್ಲಿ ಮೇಜಿನ ತುದಿಗೆ ಸೊಂಟ ಒರಗಿಸಿ ನಿಂತ. "ಸಿಸ್ಟರ್, ಇನ್ನೊಮ್ಮೆ ಹೇಳಿ. ಕಪಾಟಿನಲ್ಲಿ ಎಂತೆಂತ ಇತ್ತು?"

"ಎಷ್ಟು ಸಲ ಹೇಳುದು? ಪಾಸ್‌ಪೋರ್ಟ್. ಅಮ್ಮನ ಸರ. ಎರಡು ಬಳೆ. ನೀಲಿ ಫೈಲು."

"ಹೋದದ್ದು?"

"ಫೈಲು ಮಾತ್ರ."

"ಕಪಾಟಿನ ಬೀಗ?"

"ಹಾಕಿದ ಹಾಗೇ ಇತ್ತು. ಭಾನುವಾರ ನಾನೇ ಕೀ ಹಾಕಿ ತೆಗೆದದ್ದು."

ಮೂಸಬ್ಬನಿಗೆ ಇದು ಮೂರು ದಿನದಿಂದ ಹಲ್ಲಿನ ಸಂದಿಯ ಮಾಂಸದ ನಾರಿನ ಹಾಗೆ ಕಾಡುತ್ತಿತ್ತು. ಚಿನ್ನವನ್ನು ಬಿಟ್ಟು ಕಾಗದ ಒಯ್ದ ಕಳ್ಳ. ಬೀಗ ತೆಗೆದು, ಮರೆಯದೆ ಮತ್ತೆ ಬೀಗ ಹಾಕಿ ಹೋದ ಕಳ್ಳ. ಶಿಹಾಬನಿಗೆ ನರ್ಸಿಂಗ್ ಸರ್ಟಿಫಿಕೇಟು ಎಂತಕ್ಕೆ? ಅದನ್ನು ಇಟ್ಟುಕೊಂಡು ಅವನು ಏಸಿಗೆ ಇಂಜೆಕ್ಷನ್ ಕೊಡುವುದಿಲ್ಲ.

ಇದನ್ನು ಅವನು ಗಟ್ಟಿಯಾಗಿಯೇ ಹೇಳಿದ, ಏಸಿಯ ಮಾತನ್ನು ಬಿಟ್ಟು.

"ವೀಸಾ ಕೊಟ್ಟ ಧಣಿ ಕಫೀಲಿಗೆ ಮಾರ್ಲಿಕ್ಕೆ ಇರಬಹುದು, ಬೇರೆ ಯಾರಿಗಾದರೂ ಕೊಡ್ಲಿಕ್ಕೆ ಇರಬಹುದು, ನಮಗೆಂತ ಗೊತ್ತು?" ಸಲ್ವಾದೋರ್ ಪೆನ್ನಿನ ಮುಚ್ಚಳ ತೆಗೆದ. "ಬಾಗಿಲಿನ ಸ್ಪೇರ್ ಕೀ ಯಾರ ಹತ್ರ ಇತ್ತು? ಅವನ ಹತ್ರ. ಶನಿವಾರ ಒಳಗೆ ಹೋದದ್ದು ಯಾರು? ಅವನು. ಸಣ್ಣ ಬೀಗ ತೆಗೀಲಿಕ್ಕೆ ಟೂಲ್ಸ್ ಯಾರ ಹತ್ರ ಉಂಟು? ಅವನ ಹತ್ರ. ಬೇರೆ ಹನ್ನೊಂದು ಜನ ಬೆಟ್ಟದ ಮೇಲೆ. ನೀವೇ ಎಣಿಸಿದ್ದು ಮೂಸಾಕ."

"ನಾನೇ ಎಣಿಸಿದ್ದು," ಎಂದ ಮೂಸಬ್ಬ.

ಪೆನ್ನು ಅವನ ಕಡೆಗೆ ಬಂತು. ಅವನು ಅದನ್ನು ತೆಗೆದುಕೊಂಡು, ಬರೆಯುತ್ತದೆಯೇ ಎಂದು ಅಂಗೈ ಮೇಲೆ ಗೀಚಿ ನೋಡಿದ. ಬರೆಯುತ್ತಿತ್ತು. ಆಮೇಲೆ ಒಲೆಯ ಮೇಲೆ ಹಾಲು ಇದೆ ಎಂದು ಎದ್ದು ಹೋದ. ಹಾಲು ಇರಲಿಲ್ಲ.

ಅಡುಗೆಕಟ್ಟೆಯ ಹಿಂದೆ ಹೆಂಡತಿ ಸಫಿಯತ್ ಮೊಟ್ಟೆ ಸುಲಿಯುತ್ತಿದ್ದಳು. ಅವಳು ತಲೆ ಎತ್ತಲಿಲ್ಲ.

"ನೀವು ಬೆಟ್ಟಕ್ಕೆ ಹೋದ ದಿನ ಸೊಂಟನೋವಿನ ಎಣ್ಣೆ ಕೇಳ್ಲೇ ಇಲ್ಲ," ಎಂದಳು ಮೆಲ್ಲಗೆ. "ಮೊನ್ನೆ ಎರಡು ಗ್ಯಾಸ್ ಸಿಲಿಂಡರ್ ಸರಿಸಿದ್ದಕ್ಕೆ ಇಡೀ ರಾತ್ರಿ ಹಚ್ಚಿಸಿಕೊಂಡಿದ್ರಿ."

"ಬೆಟ್ಟದ ಗಾಳಿ ಒಳ್ಳೆಯದು."

"ಹೌದು. ಬಹಳ ಒಳ್ಳೆಯದು," ಎಂದು ಅವಳು ಇನ್ನೊಂದು ಮೊಟ್ಟೆ ತೆಗೆದುಕೊಂಡಳು.

ಅವನು ಹೊರಗೆ ಬರುವಾಗ ಶಿಹಾಬ್ ಬಂದಾಗಿತ್ತು. ಕರೆಸಿದ್ದು ಸಲ್ವಾದೋರನೇ: ದೂರು ಕೊಡುವ ಮೊದಲು ಒಂದು ಅವಕಾಶ ಕೊಟ್ಟ ಹಾಗೆ ಆಗಲಿ ಎಂದು. ಉಪ್ಪಿನಂಗಡಿಯ ಹುಡುಗ, ಇಪ್ಪತ್ತೇಳು ವರ್ಷ. ಕೂರಲಿಲ್ಲ. ಕೈಯಲ್ಲಿ ಏಸಿಯ ಫಿಲ್ಟರ್ ಒರೆಸುವ ಬಟ್ಟೆ ಹಾಗೇ ಇತ್ತು.

"ಫೈಲು ಕೊಟ್ಟುಬಿಡು ಶಿಹಾಬ್. ವಿಷಯ ಇಲ್ಲಿಗೇ ಮುಗೀತದೆ," ಎಂದ ಸಲ್ವಾದೋರ್.

"ನಾನು ಎಲ್ಲಿಂದ ಕೊಡ್ಲಿ? ಹತ್ತು ಗಂಟೆಗೆ ಹೋದೆ, ಫಿಲ್ಟರ್ ಬಿಚ್ಚಿದೆ, ತೊಳೆದೆ, ಹಾಕಿದೆ. ಹತ್ತೂವರೆಗೆ ಕೆಳಗೆ ಬಂದು ಮಲಗಿದೆ. ಸಿಸ್ಟರೇ ಹೇಳಿದ್ರಲ್ವಾ ಶನಿವಾರ ಮಾಡು ಅಂತ?"

"ಹೇಳಿದ್ದೆ," ಎಂದಳು ಜೆಮ್ಮಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟು ಮಾಡಲೂ ಶಕ್ತಿ ಉಳಿದಿರಲಿಲ್ಲ. "ಶಿಹಾಬ್, ನನಗೆ ಶುರ್ತಾ ಬೇಡ. ಕಾಗದ ಬೇಕು."

"ಶುರ್ತಾಕ್ಕೆ ಹೋದ್ರೆ ನನ್ನ ಕಫೀಲ್ ಒಂದು ದಿನ ಇಟ್ಟುಕೊಳ್ಳುದಿಲ್ಲ ಸಿಸ್ಟರ್. ಕೇಸು ಮುಗಿಯುವವರೆಗೆ ಒಳಗೆ, ಮುಗಿದ ಮೇಲೆ ಊರಿಗೆ, ಮತ್ತೆ ಈ ದೇಶಕ್ಕೆ ಕಾಲಿಡುವ ಹಾಗಿಲ್ಲ." ಅವನು ಬಟ್ಟೆಯನ್ನು ಮಡಿಸಿದ, ಮತ್ತೆ ಬಿಡಿಸಿದ. "ಸಮೀಹಾಳ ವಿಸಿಟ್ ವೀಸಾ ಮೊನ್ನೆ ಆಯ್ತು. ಮದುವೆಯಾಗಿ ಎರಡು ವರ್ಷಕ್ಕೆ ಈಗ."

"ಹಾಗಾದ್ರೆ ಹೇಳು, ನೀನಲ್ಲದೆ ಯಾರು?"

ಶಿಹಾಬ್ ಮೂಸಬ್ಬನ ಕಡೆ ನೋಡಿದ. "ಬೆಟ್ಟಕ್ಕೆ ಹೋದವರಲ್ಲಿ ಯಾರಾದ್ರೂ ನಡುವೆ ಬಂದಿರಬಹುದು ಅಂತ ನಾನು ಗ್ರಹಿಸಿದ್ದೆ. ಆದ್ರೆ ಮೂಸಾಕ ಹನ್ನೊಂದು ಅಂದ್ರೆ ಹನ್ನೊಂದೇ. ಮೂಸಾಕನ ಎಣಿಕೆ ತಪ್ಪುದಿಲ್ಲ." ಅವನು ನಿಜವಾಗಿ ಯೋಚಿಸುತ್ತಿದ್ದ, ಬೇರೆಯವರ ಲೆಕ್ಕ ಬಿಡಿಸುವವನ ಹಾಗೆ. "ಅದೇ ನನಗೂ ಅರ್ಥ ಆಗುದಿಲ್ಲ."

ಮೂಸಬ್ಬ ಒಂದು ಗ್ಲಾಸು ನೀರು ಕುಡಿದ. ಅವನು ಮುಂದೆ ಇದನ್ನು ಹೇಳುವಾಗ ಹದಿನಾಲ್ಕು ಗ್ಲಾಸು ಎನ್ನುತ್ತಿದ್ದ; ನಿಜಕ್ಕೆ ಕುಡಿದದ್ದು ಒಂದೇ.

ಆಗ ಗಲ್ಲಿಯಲ್ಲಿ ಲಾರಿಯ ಗಾಳಿ ಬ್ರೇಕಿನ ಸದ್ದು ಕೇಳಿತು. ರಝಾಕ್ ಒಳಗೆ ಬಂದ. ಟ್ರೈಲರ್ ಡ್ರೈವರ್, ಮಾತು ಕಡಿಮೆ, ಗಡ್ಡ ಹೆಚ್ಚು. ಶನಿವಾರ ಬೆಟ್ಟದಿಂದ ಇಳಿದವನು ಹಾಗೆಯೇ ಲೋಡು ಹಿಡಿದುಕೊಂಡು ಹೋಗಿದ್ದ; ಕಳವಿನ ಸುದ್ದಿ ಅವನಿಗೆ ದಾರಿಯಲ್ಲಿ ಫೋನಿನಲ್ಲಿ ಸಿಕ್ಕಿದ್ದು.

"ಒಂದು ಕಡಕ್," ಎಂದು ಕೂತ. ಕೂತು ಎಲ್ಲರ ಮುಖ ನೋಡಿದ. "ಎಂತ, ಯಾರಾದ್ರೂ ತೀರಿಕೊಂಡ್ರಾ?"

ಸಲ್ವಾದೋರ್ ಕಾಗದವನ್ನು ಅವನ ಮುಂದೆ ಸರಿಸಿ ಓದಿ ಹೇಳಿದ. ಅರಬಿಯಲ್ಲಿ ಟೈಪ್ ಮಾಡಿಸಿದ್ದನ್ನು ಕನ್ನಡಕ್ಕೆ ತರುವಾಗ ಅದು ಇನ್ನೂ ಗಂಭೀರವಾಗಿ ಕೇಳಿಸಿತು. "ಕೆಳಗೆ ಸಹಿ ಮಾಡಿದ ನಾನು, ಮೂಸಬ್ಬ, ಶನಿವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಒಂದರವರೆಗೆ ಶಫಾ ಬೆಟ್ಟದ ಮೇಲೆ ಹನ್ನೊಂದು ಜನರನ್ನೂ ಕಣ್ಣಾರೆ ಕಂಡಿದ್ದೇನೆ. ಅವರಲ್ಲಿ ಒಬ್ಬರೂ ಜಾಗ ಬಿಟ್ಟು ಹೋಗಲಿಲ್ಲ."

ರಝಾಕ್ ಗಡ್ಡ ಕೆರೆದುಕೊಂಡ. "ನೀವು ಮೇಲೆ ಇದ್ರಾ ಮೂಸಾಕ? ನಾನು ನೋಡ್ಲೇ ಇಲ್ಲ."

"ನೀನು ಹೇಗೆ ನೋಡುದು? ನಮಾಜಿಗೆ ಇಮಾಮ್ ನಿಂತದ್ದು ನೀನು. ಮುಖ ಆಚೆಗೆ. ನಾನು ಬಂದು ಸಾಲಿನ ಕೊನೆಗೆ ಸೇರಿದ್ದು. ಹಿಂದಿನಿಂದ ಎಲ್ಲರ ತಲೆ ಎಣಿಸಿದೆ. ಆಚೆ ಬಂಡೆಯ ಮೇಲೆ ಪೊರ್ಬುಗಳು, ಸಿಸ್ಟರ್, ಎಲ್ಲ ಬುತ್ತಿ ಬಿಚ್ಚಿದ್ರು. ಅದನ್ನೂ ಎಣಿಸಿದೆ."

"ಸಲಾಮ್ ಹೇಳಿ ತಿರುಗುವಾಗ ಇರ್ಲಿಲ್ಲ ನೀವು."

"ನಾನು ಕೂಡ್ಲೇ ಇಳಿದೆ. ಇಳಿಯುದ್ರಲ್ಲಿ ನನ್ನ ಜೋಡಿ..."

"ಇಲ್ಲ. ಗೊತ್ತುಂಟು." ಸಫಿಯತ್ ಚಹಾ ತಂದಿಟ್ಟಳು. ರಝಾಕ್ ಗ್ಲಾಸನ್ನು ಮುಟ್ಟಲಿಲ್ಲ. "ಅಲ್ಲಿ ಎಂತ ಚಳಿ ಅಲ್ವಾ?"

"ಚಳಿಯಾ? ಮಾರಾಯ, ನನ್ನ ಮೀಸೆಯಲ್ಲಿ ಐಸ್ ಕಟ್ಟಿ, ಬಿಡಿಸ್ಲಿಕ್ಕೆ ಸುತ್ತಿಗೆ ಬೇಕಾಯ್ತು."

"ನಮಾಜಿಗೆ ನಿಂತಾಗ ಐಸ್ ಎಲ್ಲಿತ್ತು ಮೂಸಾಕ? ನಮ್ಮ ಎದುರಿಗಾ, ಹಿಂದೆಯಾ?"

ಪ್ರಶ್ನೆಯಲ್ಲಿ ಏನೂ ಇರಲಿಲ್ಲ. ಚಹಾಕ್ಕೆ ಸಕ್ಕರೆ ಬೇಕೇ ಎಂದು ಕೇಳುವ ದನಿ. ಮೂಸಬ್ಬನ ನಾಲಿಗೆ ಅವನಿಗಿಂತ ಮೊದಲೇ ಹೊರಟಿತ್ತು.

"ಎದುರಿಗೆ. ಗೋಡೆಯ ಹಾಗೆ. ಸುಜೂದಿಗೆ ನೆಲಕ್ಕೆ ಬಾಗುವಾಗ ಹಣೆಗೆ ಸೀದಾ ಆ ತಂಪು ಬಡೀತಿತ್ತು. ನನ್ನ ಹಣೆ ಈಗಲೂ ತಣ್ಣಗೆ ಉಂಟು, ಮುಟ್ಟಿ ನೋಡು ಬೇಕಾದ್ರೆ."

ಯಾರೂ ಮುಟ್ಟಲಿಲ್ಲ.

"ಶಫಾದಿಂದ ಮಕ್ಕಾ ಬಡಗಣ ಪಡುವಲಿಗೆ," ಎಂದ ರಝಾಕ್. "ನಾವು ನಿಂತದ್ದು ಆ ಕಡೆ ಮುಖ ಮಾಡಿ. ನಮ್ಮ ಎದುರಿಗೆ ಬಿಸಿಲು. ಬಿಸಿಲು ಬಿದ್ದಲ್ಲಿ ಐಸ್ ಬುಧವಾರವೇ ಹೋಗಿದೆ. ಉಳಿದದ್ದು ತೆಂಕಣ ಗೋಡೆಯ ಬುಡದಲ್ಲಿ, ನೆರಳಿಗೆ. ನಮ್ಮ ಬೆನ್ನಿನ ಹಿಂದೆ." ಅವನು ಈಗ ಗ್ಲಾಸು ತೆಗೆದುಕೊಂಡ. "ಮರಗಟ್ಟಿದ್ದು ನಮ್ಮ ಕಾಲು, ಮೂಸಾಕ. ಸಾಲಿನ ಕೊನೆಯಲ್ಲಿದ್ದವನಿಗೆ ಹಿಮ್ಮಡಿಗೆ ತಾಗುವಷ್ಟು ಹತ್ತಿರ ಇತ್ತು. ಹಣೆಗಲ್ಲ."

 

ಮೂಸಬ್ಬನಿಗೆ ಉತ್ತರಗಳು ಬಂದವು. ಒಂದಲ್ಲ, ಐದಾರು. ತಾನು ತಿರುಗಿ ನಿಂತಿದ್ದೆ, ಮರೆತೆ, ಆ ಕಣಿವೆಯಲ್ಲಿ ಗಾಳಿ ಸುತ್ತಿ ಬರುತ್ತದೆ, ಇನ್ನೊಂದು ಹಿಮನದಿ ಎದುರಿಗೂ ಇತ್ತು. ಪ್ರತಿಯೊಂದೂ ಒಳ್ಳೆಯ ಉತ್ತರ. ಬೇರೆ ವಿಷಯವಾಗಿದ್ದರೆ ಅವನು ಅವನ್ನೆಲ್ಲ ಒಂದರ ಮೇಲೊಂದು ಪೇರಿಸಿ ಮೇಲೆ ಕೂತುಬಿಡುತ್ತಿದ್ದ. ಆದರೆ ಇದು ನಮಾಜಿನ ವಿಷಯ. ನಿಲ್ಲದ ನಮಾಜಿನಲ್ಲಿ ನಿಂತೆ ಎಂದು ಅವನು ಮೂರು ದಿನದಿಂದ ಹೇಳಿಕೊಂಡು ತಿರುಗಿದ್ದ.

"ಸಹಿ ಮಾಡ್ತೀರಾ ಇಲ್ವಾ?" ಸಲ್ವಾದೋರನ ದನಿ ಗಡುಸಾಗಿತ್ತು. "ಎದುರಿಗೋ ಹಿಂದೆಯೋ, ಅದರಲ್ಲಿ ಎಂತ ಉಂಟು? ನೆನಪು ತಪ್ಪಿರಬಹುದು. ಜನ ಹನ್ನೊಂದು ಇದ್ರಲ್ವಾ?"

"ನೆನಪು ತಪ್ಪುದುಂಟು," ಎಂದ ಶಿಹಾಬ್ ಕೂಡ. ಅವನು ಮೂಸಬ್ಬನ ಮರ್ಯಾದೆ ಉಳಿಸಲು ನೋಡುತ್ತಿದ್ದ.

ಅದೇ ತಡೆಯಲಾಗಲಿಲ್ಲ. ಮೂಸಬ್ಬ ಪೆನ್ನನ್ನು ಮೇಜಿನ ಮೇಲಿಟ್ಟ. ಕುರ್ಚಿ ಎಳೆದು ಕೂತ. ತನ್ನ ಬೂಫಿಯಾದಲ್ಲಿ ಅವನು ಗಿರಾಕಿಯ ಕುರ್ಚಿಯಲ್ಲಿ ಕೂತದ್ದನ್ನು ಸಫಿಯತ್ ಕೂಡ ಕಂಡಿರಲಿಲ್ಲ.

"ನಾನು ಮೇಲೆ ಹೋಗ್ಲೇ ಇಲ್ಲ," ಎಂದ.

"ಎಂತ?"

"ನೂರು ಹೆಜ್ಜೆ ಹೋಗಿರಬಹುದು. ಅಷ್ಟೂ ಇರ್ಲಿಕ್ಕಿಲ್ಲ. ದಾರಿಯಲ್ಲಿ ಒಂದು ದೊಡ್ಡ ಮಂಗ ಕೂತಿತ್ತು. ಒಂದೇ. ಅದು ಏಳ್ಲಿಲ್ಲ. ನನಗೆ ಉಸಿರೂ ಸಿಕ್ತಾ ಇರ್ಲಿಲ್ಲ. ನೀವೆಲ್ಲ ತಿರುವು ದಾಟಿದ್ರಿ. ನಾನು ವಾಪಸು ಬಂದು ಪಿಕಪ್ಪಿನಲ್ಲಿ ಕೂತೆ."

"ಮತ್ತೆ ಹನ್ನೊಂದು?" ಜೆಮ್ಮಾ ಕೇಳಿದಳು.

"ಬೆಳಿಗ್ಗೆ ಹೊರಡುವಾಗ ಹನ್ನೊಂದು ಇತ್ತು ಸಿಸ್ಟರ್. ಅದನ್ನೇ ಮೇಲಕ್ಕೆ ಕೊಂಡುಹೋದೆ." ಅವನು ಶಿಹಾಬನ ಕಡೆ ನೋಡಲು ಹೋಗಿ, ಆ ಕೈಯ ಬಟ್ಟೆಯನ್ನು ನೋಡಿದ. "ಎಣಿಸದೆ ಹೇಳಿದ್ದು. ಜೀವಮಾನದಲ್ಲಿ ಇದೊಂದೇ ಸಲ, ಶಿಹಾಬ್. ನನ್ನ ಎಣಿಕೆ ನಿಜವಾಗಿ ಬೇಕಾದದ್ದೂ ಇದೊಂದೇ ಸಲ."

ಸಲ್ವಾದೋರ್ ಕಾಗದವನ್ನು ನಿಧಾನವಾಗಿ ಮಡಚತೊಡಗಿದ. "ಹಾಗಾದ್ರೆ ನೀವು ಮೇಲೆಯೂ ನೋಡ್ಲಿಲ್ಲ, ಕೆಳಗೆಯೂ ನೋಡ್ಲಿಲ್ಲ. ಸಾಕ್ಷಿಯೇ ಅಲ್ಲ. ಮುಗೀತು. ಶಿಹಾಬನ ವಿಷಯ ಶುರ್ತಾದವರೇ..."

"ಕೆಳಗೆ ನೋಡಿದ್ದುಂಟು."

ಮಡಚುವ ಕೈ ನಿಂತಿತು.

"ಹತ್ತು ಗಂಟೆ ಹೊತ್ತಿಗೆ ಮೇಲಿನಿಂದ ಕಲ್ಲು ಜಾರುವ ಸದ್ದಾಯ್ತು. ಯಾರೋ ಬೇಗ ಬೇಗ ಇಳಿದು ಬರ್ತಿದ್ರು. ನಾನು ಇಲ್ಲಿ ಕೂತದ್ದು ಕಂಡ್ರೆ ತಾಯಿಫಿನಲ್ಲಿ ತಲೆ ಎತ್ತುವ ಹಾಗಿಲ್ಲ ಅಂತ ಸೀಟಿನ ಕೆಳಗೆ ಬಗ್ಗಿದೆ. ಕಾರಿನ ಬಾಗಿಲು ಹಾಕಿದ್ದು ಕೇಳಿತು. ಸ್ಟಾರ್ಟ್ ಆದದ್ದು ಕೇಳಿತು. ನಾನು ತಲೆ ಎತ್ತುವಾಗ ಅದು ತಾಯಿಫ್ ರಸ್ತೆಗೆ ತಿರುಗ್ತಾ ಇತ್ತು. ಹನ್ನೆರಡೂವರೆ ಆಗುವಾಗ ವಾಪಸು ಬಂತು. ಆಗಲೂ ಬಗ್ಗಿದೆ. ಮತ್ತೆ ಮೇಲೆ ಹತ್ತುವ ಹೆಜ್ಜೆ."

ರಝಾಕ್ ಗ್ಲಾಸು ಕೆಳಗಿಟ್ಟ. "ನಾವು ನಮಾಜು ಮುಗಿಸಿ ಕೂತ ಹೊತ್ತು."

"ಮೂರು ದಿನ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ್ರಾ?" ಸಫಿಯತ್‌ಳ ದನಿ ಅಡುಗೆಕಟ್ಟೆಯ ಹಿಂದಿನಿಂದ ಬಂತು.

"ಹೇಳ್ಬೇಕಾದ್ರೆ ನಾನು ಕೆಳಗಿದ್ದೆ ಅಂತಲೂ ಹೇಳ್ಬೇಕಿತ್ತು."

"ಯಾರ ಕಾರು?" ಎಂದು ಕೇಳಿದ್ದು ಶಿಹಾಬ್. ಬಟ್ಟೆ ಅವನ ಕೈಯಿಂದ ಬಿದ್ದಿತ್ತು.

ಮೂಸಬ್ಬ ಈಗ ತಲೆ ಎತ್ತಿದ. ಸಲ್ವಾದೋರನನ್ನು ದಾಟಿ, ರಝಾಕನನ್ನು ದಾಟಿ, ಅವನ ಕಣ್ಣು ಡ್ಯೂಟಿಯ ಬಟ್ಟೆಯಲ್ಲಿ ಕೂತಿದ್ದವಳ ಮೇಲೆ ನಿಂತಿತು.

"ನಿಮ್ಮದು, ಸಿಸ್ಟರ್," ಎಂದ. "ನಿಮ್ಮ ಸಣ್ಣ ಬಿಳಿ ಕಾರು. ನಂಬರ್ ಓದಿದ್ದೇನೆ. ಓಡಿಸಿದ್ದು ಯಾರು ಅಂತ ನೋಡ್ಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ. ನಾನು ಕಂಡದ್ದು ಅಷ್ಟೇ. ಇದಕ್ಕೆ ಒಂದು ಇಂಚು ಸೇರಿಸಿಲ್ಲ."